ಮಗುವಿನ ಬ್ಯಾಂಕ್ ಖಾತೆ: ಯಾವ ದಾಖಲೆಗೆ ಯಾರ ಸಹಿ?

ಬೆಂಗಳೂರಿಗೆ ಬಂದು ಮನೆ ಮಾಡಿ ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ ಅವರ ಹೆಸರಿನಲ್ಲೊಂದು ಬ್ಯಾಂಕ್ ಖಾತೆ ಬೇಕಾಗುತ್ತದೆ. ಬ್ಯಾಂಕಿನವರು 'ದೃಢೀಕರಿಸಿದ ಪ್ರತಿ ತನ್ನಿ' ಎಂದ ಕೂಡಲೇ ಅನೇಕರು ಜೆರಾಕ್ಸ್ ಹಿಡಿದು ಕೋರ್ಟಿನ ಹತ್ತಿರ ನೋಟರಿ ಹುಡುಕುತ್ತಾರೆ, ಇಲ್ಲವೇ ಗೆಜೆಟೆಡ್ ಅಧಿಕಾರಿಯ ಮುದ್ರೆಗೆ ಅಲೆಯುತ್ತಾರೆ. ಇಲ್ಲೇ ವಾಸವಿರುವವರಿಗೆ ಇದು ಬೇಕಿಲ್ಲ. ರಿಸರ್ವ್ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತು, ವಿಳಾಸ ಖಚಿತಪಡಿಸಿಕೊಳ್ಳುವ) ನಿಯಮದಲ್ಲಿ ದೃಢೀಕರಣ ಎಂದರೆ ಬ್ಯಾಂಕಿನ ಅಧಿಕಾರಿಯೇ ಜೆರಾಕ್ಸನ್ನು ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡಿ, 'ಮೂಲ ನೋಡಿದೆ' ಎಂದು ಬರೆದು ಸಹಿ ಹಾಕುವುದು. ಹಾಗಾಗಿ ಮೂಲ ದಾಖಲೆ ಕೈಯಲ್ಲಿರಲಿ, ಮೊಬೈಲಿನಲ್ಲಿ ತೆಗೆದ ಫೋಟೋ ನಡೆಯುವುದಿಲ್ಲ. ಪೋಷಕರು ವಿದೇಶದಲ್ಲಿದ್ದರೆ ಮಾತ್ರ ಅಲ್ಲಿನ ನೋಟರಿ ಅಥವಾ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಕೆಲಸಕ್ಕೆ ಬರುತ್ತದೆ.

ಮಗುವಿನ ಜನನ ಪ್ರಮಾಣಪತ್ರ, ಮಗುವಿನ ಆಧಾರ್, ಪೋಷಕರ ಆಧಾರ್ ಮತ್ತು ಪ್ಯಾನ್, ಇಬ್ಬರದೂ ಎರಡೆರಡು ಫೋಟೋ, ಎಲ್ಲದರ ಎರಡು ಸೆಟ್ ಜೆರಾಕ್ಸ್ ಒಯ್ಯಿರಿ. ಪ್ರತಿಯ ಖಾಲಿ ಜಾಗದಲ್ಲಿ, ಫೋಟೋ ಮತ್ತು ಸಂಖ್ಯೆಯ ಮೇಲೆ ಬೀಳದಂತೆ, ಪೋಷಕರು ಸಹಿ ಮಾಡಿ ದಿನಾಂಕ ಬರೆಯಬೇಕು. ಕೆಳಗೆ 'ಮಗುವಿನ ಖಾತೆ ತೆರೆಯಲು ಮಾತ್ರ' ಎಂದು ಬರೆದರೆ ಆ ಜೆರಾಕ್ಸ್ ಬೇರೆ ಕಡೆ ಬಳಕೆಯಾಗುವ ಭಯ ಕಡಿಮೆ. ಪ್ಯಾನ್ ಕಾರ್ಡಿನಲ್ಲಿರುವ ಸಹಿಯನ್ನೇ ಹಾಕಿ. ಅದು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಹಾಕಿ, ಯಾರೂ ಬೇಡವೆನ್ನುವಂತಿಲ್ಲ. ಅರ್ಜಿ ನಮೂನೆಯನ್ನೂ ಕನ್ನಡದಲ್ಲಿ ಕೇಳಿ ಪಡೆಯಿರಿ. ಪ್ರಾದೇಶಿಕ ಭಾಷೆಯಲ್ಲೂ ಅದನ್ನು ಒದಗಿಸಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಪೋಷಕರಾಗಿ ತಂದೆಯೇ ಬರಬೇಕೆಂದೇನಿಲ್ಲ, ತಾಯಿಯೂ ಖಾತೆ ತೆರೆಯಬಹುದು. ಆದರೆ ಓದಲೆಂದು ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಇರುವ ಮಗುವಿಗೆ ಅವರು ಪೋಷಕರಾಗಿ ಸಹಿ ಹಾಕಲು ಬರುವುದಿಲ್ಲ, ಅದಕ್ಕೆ ನ್ಯಾಯಾಲಯದ ಆದೇಶ ಬೇಕು. 10 ವರ್ಷ ತುಂಬಿದ ಮಗು ತಾನೇ ನಡೆಸುವ ಖಾತೆ ತೆರೆಯಲು ರಿಸರ್ವ್ ಬ್ಯಾಂಕಿನ 2025ರ ನಿಯಮ ಅವಕಾಶ ಕೊಟ್ಟಿದೆ. ಕೊಡುವುದು, ಮಿತಿ ಹಾಕುವುದು ಬ್ಯಾಂಕಿಗೆ ಬಿಟ್ಟದ್ದು, ಮೊದಲೇ ಕೇಳಿ.

ಹೆಚ್ಚಿನ ಅರ್ಜಿಗಳು ನಿಲ್ಲುವುದು ಹೆಸರಿನಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಿರುತ್ತದೆ, ನಾಮಕರಣಕ್ಕೆ ಮೊದಲೇ ಜನನ ನೋಂದಣಿ ಆಗಿರುತ್ತದೆ. ಪ್ರಮಾಣಪತ್ರ ತೆಗೆದು ನೋಡಿ: ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಹೆಸರು ಸೇರಿಸಬೇಕಾದವರು ಮಗು ಹುಟ್ಟಿದ ಊರಿನ ನೋಂದಣಾಧಿಕಾರಿ. ಹೆರಿಗೆ ರಾಯಚೂರಿನಲ್ಲಿ ಆಗಿದ್ದರೆ ಅರ್ಜಿ ಅಲ್ಲಿಗೇ ಹೋಗಬೇಕು, ಇಲ್ಲಿನ ಪಾಲಿಕೆ ಕಚೇರಿಯಲ್ಲಿ ಆಗುವುದಿಲ್ಲ. ಊರಿಗೆ ಹೋಗುವಾಗಲೇ ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿ ಜೊತೆಗಿಟ್ಟುಕೊಳ್ಳಿ.

ಇನ್ನು ಇನಿಷಿಯಲ್. ಜನನ ಪತ್ರದಲ್ಲಿ 'ಮಂಜುನಾಥ ಕೆ', ಆಧಾರ್‌ನಲ್ಲಿ 'ಕೆ ಮಂಜುನಾಥ್'. ಇಂಗ್ಲಿಷಿನಲ್ಲಿ ಬರೆದಾಗ ಒಂದರ ಕೊನೆಗೆ 'ಎ' ಇದೆ, ಇನ್ನೊಂದಕ್ಕಿಲ್ಲ. ಓದುವ ನಮಗೆ ಒಂದೇ ಹೆಸರು, ಕಂಪ್ಯೂಟರಿಗೆ ಇಬ್ಬರು. ತಾಯಿಯದ್ದೂ ಇದೇ ಪಾಡು: ಒಂದೆಡೆ ತವರಿನ ಇನಿಷಿಯಲ್, ಇನ್ನೊಂದೆಡೆ ಗಂಡನ ಹೆಸರು. ಮದುವೆಯ ನಂತರ ಹೆಸರು ಬದಲಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ ಸಾಕು. ಲಗ್ನಪತ್ರಿಕೆ, ಛತ್ರದ ರಸೀದಿ ಸಾಲದು. ತಿದ್ದುವಾಗ ಮೊದಲು ಜನನ ಪತ್ರ, ಅದರ ಆಧಾರದ ಮೇಲೆ ಆಧಾರ್, ಕೊನೆಗೆ ಬ್ಯಾಂಕ್. ಆಧಾರ್‌ನಲ್ಲಿ ಹುಟ್ಟಿದ ದಿನಾಂಕವನ್ನು ಒಮ್ಮೆ, ಹೆಸರನ್ನು ಎರಡು ಸಲ ಮಾತ್ರ ಬದಲಿಸಬಹುದು. ಈ ಕ್ರಮ ತಪ್ಪಿಸಿ ಅವಸರ ಮಾಡಿದವರು ಆ ಅವಕಾಶ ಕಳೆದುಕೊಳ್ಳುತ್ತಾರೆ.

5 ವರ್ಷದೊಳಗೆ ಮಾಡಿಸಿದ ನೀಲಿ ಬಣ್ಣದ ಬಾಲ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ. 5 ತುಂಬಿದ ಮೇಲೊಮ್ಮೆ, 15 ತುಂಬಿದ ಮೇಲೆ ಮತ್ತೊಮ್ಮೆ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಕೊಡಲೇಬೇಕು. 7 ದಾಟಿಯೂ ಕೊಡದಿದ್ದರೆ ಸಂಖ್ಯೆ ನಿಷ್ಕ್ರಿಯವಾಗಬಹುದು. ಆಧಾರ್ ಸಹಾಯವಾಣಿ 1947, ಕನ್ನಡದಲ್ಲೇ ಮಾತಾಡಬಹುದು.

ವಿಳಾಸದ ತೊಂದರೆ ಬಾಡಿಗೆ ಮನೆಯವರಿಗೆ. 11 ತಿಂಗಳ ಕರಾರು ಪತ್ರ ಕೆವೈಸಿ ಪಟ್ಟಿಯಲ್ಲಿಲ್ಲ, ಬೆಸ್ಕಾಂ ಬಿಲ್ಲು ಮನೆ ಮಾಲೀಕರ ಹೆಸರಿನಲ್ಲಿರುತ್ತದೆ. ಆಧಾರ್ ಇ-ಕೆವೈಸಿ (ಆಧಾರ್ ವಿವರವನ್ನು ಆನ್‌ಲೈನಿನಲ್ಲೇ ತಾಳೆ ನೋಡುವ ವಿಧಾನ) ಮೂಲಕ ಖಾತೆ ತೆರೆಯುವಾಗ ಆಧಾರ್‌ನಲ್ಲಿ ಊರಿನ ವಿಳಾಸವಿದ್ದು ಈಗ ಬೆಂಗಳೂರಿನಲ್ಲಿದ್ದರೆ, ಸದ್ಯದ ವಿಳಾಸಕ್ಕೆ ಸ್ವಯಂ ಘೋಷಣೆ ಬರೆದುಕೊಡಲು ನಿಯಮದಲ್ಲೇ ಅವಕಾಶವಿದೆ. ಕೌಂಟರಿನಲ್ಲಿ ಒಪ್ಪದಿದ್ದರೆ ಮ್ಯಾನೇಜರನ್ನು ಕಾಣಿ. ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಮಾಹಿತಿಗೆ 14448.

ಖಾತೆ ಸರ್ಕಾರದ ವಿದ್ಯಾರ್ಥಿವೇತನಕ್ಕಾದರೆ ಪಾಸ್‌ಬುಕ್ ಕೈಗೆ ಬಂದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಕೆವೈಸಿಗೆ ಆಧಾರ್ ಕೊಡುವುದು ಬೇರೆ, ಹಣ ಜಮೆಗೆ ಆಧಾರ್ ಸೀಡಿಂಗ್, ಅಂದರೆ ಖಾತೆಗೆ ಆಧಾರ್ ಜೋಡಿಸುವುದು, ಬೇರೆ. ಎರಡನೆಯದಕ್ಕೆ ಪ್ರತ್ಯೇಕ ಒಪ್ಪಿಗೆ ಪತ್ರ ಕೊಟ್ಟು, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆ) ಪಟ್ಟಿಗೆ ಸೇರಿತೇ ಎಂದು ಒಂದು ವಾರ ಬಿಟ್ಟು ಶಾಖೆಯಲ್ಲಿ ವಿಚಾರಿಸಿ.