ನಿಮ್ಮ ವಿಧಾನಸಭಾ ಕ್ಷೇತ್ರವನ್ನೂ ಶಾಸಕರನ್ನೂ ಗುರುತಿಸುವ ಬಗೆ

ಬೆಂಗಳೂರಿನಲ್ಲಿ ಬಡಾವಣೆಯ ಹೆಸರನ್ನೋ ಪಿನ್‌ಕೋಡನ್ನೋ ನಂಬಿಕೊಂಡು ಕ್ಷೇತ್ರವನ್ನು ಊಹಿಸಬಾರದು. ಜಯನಗರದ ಕೆಲವು ಬ್ಲಾಕ್‌ಗಳು ಚಿಕ್ಕಪೇಟೆ ಕ್ಷೇತ್ರಕ್ಕೆ ಸೇರಿರುವುದರಿಂದ, ಅಲ್ಲಿನ ನಿವಾಸಿ ಚರಂಡಿಯ ದೂರು ಹೊತ್ತು ಜಯನಗರದ ಶಾಸಕರ ಕಚೇರಿಗೆ ಹೋದರೆ ಬರಿಗೈಯಲ್ಲಿ ಮರಳಬೇಕಾದೀತು.

ಮೊದಲು ಮತದಾರರ ಗುರುತಿನ ಚೀಟಿಯನ್ನು ಕೈಗೆತ್ತಿಕೊಳ್ಳಿ. ಅದರಲ್ಲಿರುವ ಮೂರು ಇಂಗ್ಲಿಷ್ ಅಕ್ಷರ ಹಾಗೂ ಏಳು ಅಂಕಿಗಳ ಸಂಖ್ಯೆಯನ್ನು ಚುನಾವಣಾ ಆಯೋಗದ ಮತದಾರರ ಜಾಲತಾಣದಲ್ಲಿ ನಮೂದಿಸಿದರೆ, ಕ್ಷೇತ್ರದ ಹೆಸರು, ಮತದಾರರ ಪಟ್ಟಿಯ ಭಾಗ ಸಂಖ್ಯೆ ಮತ್ತು ಮತಗಟ್ಟೆ ಕಾಣಿಸುತ್ತವೆ. ಚೀಟಿಯ ಹಿಂಬದಿಯಲ್ಲಿಯೂ ಕ್ಷೇತ್ರದ ಹೆಸರಿರುತ್ತದೆ, ಆದರೆ 2008ರ ಕ್ಷೇತ್ರ ಪುನರ್ವಿಂಗಡಣೆಗೂ ಮುಂಚಿನ ಚೀಟಿಯಾದರೆ ಅದನ್ನು ನೆಚ್ಚಬೇಡಿ. ಅಂತರ್ಜಾಲ ಒಗ್ಗದವರು ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಬಹುದು.

ಕ್ಷೇತ್ರ ಖಚಿತವಾದ ಬಳಿಕ ಶಾಸಕರ ಹೆಸರನ್ನು ಕರ್ನಾಟಕ ವಿಧಾನಸಭೆಯ ಜಾಲತಾಣದಲ್ಲಿರುವ 224 ಕ್ಷೇತ್ರಗಳ ಸದಸ್ಯರ ಪಟ್ಟಿಯಲ್ಲಿ ನೋಡಿ. ಮನೆ ಬದಲಿಸಿದ್ದರೆ, ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸುವ ಅರ್ಜಿಯಾದ ನಮೂನೆ 8ನ್ನು ಸಲ್ಲಿಸಿ. ಬಾಡಿಗೆದಾರರು ಇದನ್ನು ಮುಂದೂಡುವುದೇ ಹೆಚ್ಚು. ಶಾಸಕರಿಗೆ ಮನವಿ ಬರೆಯುವಾಗ ವಾರ್ಡ್, ಅಡ್ಡರಸ್ತೆ ಮತ್ತು ಹತ್ತಿರದ ಗುರುತನ್ನು ಸ್ಪಷ್ಟವಾಗಿ ನಮೂದಿಸಿ, ಒಂದು ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.