ವೃದ್ಧಾಶ್ರಮ ನೋಡೋಕೆ ಹೋದರೆ ಡ್ರೈವರನ್ನೂ ಮಾತಾಡಿಸಿ

ಬಳ್ಳಾರಿಯಲ್ಲಿ ಹಿರಿಯರಿಗೆ ವೃದ್ಧಾಶ್ರಮ ಹುಡುಕುತ್ತಿರುವವರು ರೂಮು, ಊಟ ನೋಡಿ ಸುಮ್ನೆ ವಾಪಸ್ ಬರಬೇಡಿ. ಅಲ್ಲಿನ ಗಾಡಿ ಡ್ರೈವರನ್ನೂ ಮಾತಾಡಿಸಿ. ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಅವರೇ ಅಲ್ವಾ?

ಕಾರಿಗೆ ಹತ್ತಿಸುವುದು ಹೇಗೆ ಅಂತ ಕೇಳಿ. ತೋಳು ಹಿಡಿದು ಎಳೆಯಬಾರದು. ಮೊದಲು ಸೀಟಿಗೆ ಬೆನ್ನು ಮಾಡಿ ಕೂರಿಸಿ, ಆಮೇಲೆ ಎರಡೂ ಕಾಲು ಒಳಗೆ ತಿರುಗಿಸಬೇಕು. ಇಳಿಸಿದ ತಕ್ಷಣ ನಡೆಸಲೂಬಾರದು. ಬಿಪಿ ಇಳಿದು ತಲೆ ಸುತ್ತಬಹುದು, ಡಯಾಲಿಸಿಸ್ ಮುಗಿಸಿ ಬಂದವರಿಗಂತೂ ಇದು ಜಾಸ್ತಿ. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಲ್ಲಲಿ.

ವೀಲ್‌ಚೇರ್‌ಗೆ ಡಿಕ್ಕಿಯಲ್ಲಿ ಜಾಗ ಇದೆಯಾ ನೋಡಿ. ಸಿಎನ್‌ಜಿ ಸಿಲಿಂಡರ್ ಇದ್ದರೆ ಕಷ್ಟ.

ಬೇಸಿಗೆಯಲ್ಲಿ ನಮ್ಮೂರು 40 ಡಿಗ್ರಿ ದಾಟುತ್ತದೆ. ಗಾಡಿ ತಣ್ಣಗಾದ ಮೇಲೆ ಕೂರಿಸುವ ಡ್ರೈವರ್ ಸಿಕ್ಕರೆ ಬಿಡಬೇಡಿ! ರಾತ್ರಿ ಯಾರಿರುತ್ತಾರೆ ಅನ್ನೋದೂ ಕೇಳಿ. ತುರ್ತು ಬಂದರೆ 108 ಇದೆ.