ಒಂದೇ ಬೆಟ್ಟಾನ ವರ್ಷಗಟ್ಟಲೆ ನೋಡಿ ಅಬ್‌ಸ್ಟ್ರಾಕ್ಟ್ ಚಿತ್ರ ಮಾಡೋದು ಹೇಗೆ

ಅಬ್‌ಸ್ಟ್ರಾಕ್ಟ್ ಪೇಂಟಿಂಗ್, ಅಂದ್ರೆ ಕಂಡಿದ್ದನ್ನ ಇದ್ದ ಹಾಗೇ ಬರೀದೆ ಆಕಾರ, ಬಣ್ಣದಲ್ಲೇ ಹೇಳೋ ಚಿತ್ರ, ಕಲೀಬೇಕು ಅಂತ ಕೇಳೋರಿಗೆಲ್ಲ ನಾನು ಮೊದ್ಲು ಹೇಳೋದು ಒಂದೇ, ಬಣ್ಣ ಆಮೇಲೆ ತಗೊಳ್ಳಿ, ಮೊದ್ಲು ಒಂದು ಜಾಗ ಹುಡುಕ್ಕೊಳ್ಳಿ. ದೂರದ್ದು ಬೇಡ. ವಾರಕ್ಕೊಂದ್ಸಲ ಹೋಗಿ ಬರೋಷ್ಟು ಹತ್ರ ಇರ್ಬೇಕು. ನನಗೆ ಕೋಲಾರದ ಅಂತರಗಂಗೆ ಬೆಟ್ಟ, ಹನ್ನೆರಡು ವರ್ಷದಿಂದ ಅಲ್ಲಿಗೇ ಹೋಗ್ತಿದೀನಿ, ಇನ್ನೂ ಮುಗಿದಿಲ್ಲ. ನಿಮಗೆ ಮಧುಗಿರಿ ಏಕಶಿಲೆ ಇರಬಹುದು, ನಂದಿ ಇರಬಹುದು, ಊರ ಹಿಂದಿನ ಕೆರೆ ಏರಿನೇ ಇರಬಹುದು, ಯಾವುದಾದ್ರೂ ಸರಿ, ಆದ್ರೆ ಒಂದೇ ಇರಲಿ.

ಅಬ್‌ಸ್ಟ್ರಾಕ್ಟ್ ಚಿತ್ರಕ್ಕೆ ಹೆಸರಾದ ಕಲಾವಿದ ಎಸ್.ಎಚ್. ರಝಾ ನೋಡಿ. 1922ರಲ್ಲಿ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಬಾರಿಯಾದಲ್ಲಿ ಹುಟ್ಟಿದ್ದು, ಅಪ್ಪ ಅರಣ್ಯ ಇಲಾಖೆಯಲ್ಲಿದ್ರು, ಹಾಗಾಗಿ ಕಾಡಿನ ಮಧ್ಯೆ ಬೆಳೆದ್ರು, ರಾತ್ರಿ ಕಾಡಿನ ಕತ್ತಲೆ ಕಂಡ್ರೆ ಹೆದರಿಕೆ ಆಗ್ತಿತ್ತಂತೆ. 1950ರಲ್ಲಿ ಫ್ರಾನ್ಸಿಗೆ ಹೋದೋರು ಸುಮಾರು ಅರವತ್ತು ವರ್ಷ ಅಲ್ಲೇ ಇದ್ರು. ಶುರುವಿನಲ್ಲಿ ಬಾಂಬೆ ಬೀದಿ, ಕಾಶ್ಮೀರದ ದೃಶ್ಯ ಎಲ್ಲಾ ಬರೀತಿದ್ರು, ಫ್ರಾನ್ಸಲ್ಲಿ ಹಳ್ಳಿ, ಚರ್ಚು. ಬರ್ತಾ ಬರ್ತಾ ಮನೆ ಕರಗ್ತು, ಮರ ಕರಗ್ತು, ಬಿಸಿಲು ಮಣ್ಣು ಕತ್ತಲೆ ಅಷ್ಟೇ ಉಳೀತು, ಆಮೇಲೆ ಎಪ್ಪತ್ತರ ದಶಕದ ಕೊನೆ ಹೊತ್ತಿಗೆ ಬಿಂದು ಬಂತು. ಆ ಬಿಂದುನೂ ಹಳ್ಳಿ ಸ್ಕೂಲಲ್ಲಿ ಮೇಷ್ಟ್ರು ಗೋಡೆ ಮೇಲೆ ಇಟ್ಟು ಇದನ್ನೇ ನೋಡು ಅಂದಿದ್ದ ಚುಕ್ಕೆನೇ. 2016ರಲ್ಲಿ ತೀರ್ಕೊಂಡಾಗ ಮಂಡ್ಲಾದಲ್ಲೇ ಅಪ್ಪನ ಸಮಾಧಿ ಪಕ್ಕ ಮಣ್ಣು ಮಾಡಿದ್ರು. ಅಬ್‌ಸ್ಟ್ರಾಕ್ಟ್ ಅಂದ್ರೆ ಪ್ರಕೃತಿ ಬಿಟ್ಟು ಹೋಗೋದು ಅನ್ನೋರಿಗೆ ನಾನು ಇದನ್ನೇ ಹೇಳೋದು, ಅವ್ರು ಬಿಟ್ಟು ಹೋಗ್ಲೇ ಇಲ್ಲ, ಬೇಡದ್ದನ್ನ ಒಂದೊಂದಾಗಿ ಇಳಿಸ್ತಾ ಹೋದ್ರು.

ಸರಿ, ಬೆಟ್ಟಕ್ಕೆ ಹೋಗೋಣ. ಮೊದಲೆರಡು ತಿಂಗಳು ಬಣ್ಣ ಒಯ್ಯಬೇಡಿ, ಇದ್ದಿಲ ಕಡ್ಡಿ ಮತ್ತೆ ಅಗ್ಗದ ನೋಟ್‌ಬುಕ್ ಸಾಕು (ತಿಂಡಿ ಕವರ್ ಕೈಲಿ ಹಿಡೀಬೇಡಿ, ಅಂತರಗಂಗೆ ಕೋತಿಗಳು ಬಿಡಲ್ಲ). ಕಣ್ಣು ಅರ್ಧ ಮುಚ್ಚಿ ನೋಡಿ, ಆಗ ಎಲೆ ಮುಳ್ಳು ಬಿರುಕು ಎಲ್ಲಾ ಹೋಗಿ ಬೆಳಕಿನ ತುಂಡು, ಕತ್ತಲೆ ತುಂಡು ಅಷ್ಟೇ ಕಾಣುತ್ತೆ, ಅದನ್ನ ಮೂರ್ನಾಲ್ಕು ಆಕಾರದಲ್ಲಿ ಮುಗಿಸಿ, ಒಂದು ಸ್ಕೆಚ್‌ಗೆ ಒಂದು ನಿಮಿಷ ಮೀರಬಾರದು. ನಮ್ ಬೆಟ್ಟದಲ್ಲಿ ಗುಂಡು ಮೇಲೆ ಗುಂಡು ಕೂತಿರುತ್ತಲ್ಲ, ಎಲ್ರೂ ಗುಂಡನ್ನ ಬರೀತಾರೆ, ನೀವು ಗುಂಡುಗಳ ಮಧ್ಯೆ ಇರೋ ಸಂದುಗಳನ್ನ ಬರೀರಿ. ನನಗೆ ಇದು ಗೊತ್ತಾಗೋಕೆ ಮೂರು ವರ್ಷ ಹಿಡೀತು. ಸಂದಿನ ಆಕಾರ ಸರಿಯಾಗಿ ಬಂದ್ರೆ ಕಲ್ಲಿನ ಭಾರ ತಾನಾಗೇ ಬರುತ್ತೆ. 1948ರಲ್ಲಿ ಕಾಶ್ಮೀರದಲ್ಲಿ ಫೋಟೋಗ್ರಾಫರ್ ಕಾರ್ಟಿಯೆ ಬ್ರೆಸಾನ್ ರಝಾ ಚಿತ್ರ ನೋಡಿ, ಚಿತ್ರದ ಕಟ್ಟುವಿಕೆ ಸಾಲದು, ಫ್ರೆಂಚ್ ಚಿತ್ರಕಾರ ಸೆಜಾನ್‌ನ ನೋಡು ಅಂದಿದ್ರು. ಆ ಸೆಜಾನ್ ತನ್ನೂರಿನ ಸೇಂಟ್ ವಿಕ್ಟೋರ್ ಬೆಟ್ಟ ಒಂದನ್ನೇ ಹತ್ತಾರು ಸಲ ಬರೆದೋನು.

ಈಗ ಮಣ್ಣು. ಇದು ನನಗೆ ತುಂಬ ಇಷ್ಟದ ಭಾಗ. ನಮ್ ಕೋಲಾರದ ಕೆಂಪು ಟ್ಯೂಬಲ್ಲಿ ಸಿಗಲ್ಲ, ನಾವೇ ಮಾಡ್ಕೋಬೇಕು. ಹೊಲದ ಬದುವಿನಿಂದ ಎರಡು ಹಿಡಿ ಮಣ್ಣು ತನ್ನಿ, ಹೊಲದೋರನ್ನ ಕೇಳಿ ತನ್ನಿ, ಒಣಗಿಸಿ ಕುಟ್ಟಿ ಜರಡಿ ಹಿಡೀರಿ, ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ ಅರ್ಧ ನಿಮಿಷ ಬಿಡಿ, ಮರಳು ತಳಕ್ಕೆ ಕೂರುತ್ತೆ, ಮೇಲಿನ ಕೆಂಪು ನೀರನ್ನ ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ. ಇದೇ ಥರ ಮೂರು ಸಲ. ಕೊನೆ ಪಾತ್ರೆ ಎರಡು ದಿನ ಅಲ್ಲಾಡಿಸ್ದೆ ಇಡಿ, ತಿಳಿ ನೀರು ಚೆಲ್ಲಿ, ಕೆಳಗೆ ಕೂತಿರೋ ಬೆಣ್ಣೆ ಥರದ ಕೆಸರನ್ನ ತಟ್ಟೇಲಿ ಒಣಗಿಸಿ ಪುಡಿ ಮಾಡಿ. ಪೇಪರ್ ಮೇಲಾದ್ರೆ ಗೋಂದಿನ ನೀರಲ್ಲಿ ಅರೀರಿ, ಒಂದು ತೊಟ್ಟು ಜೇನು ಹಾಕಿದ್ರೆ ಬಿರುಕು ಕಮ್ಮಿ, ಕ್ಯಾನ್ವಾಸ್‌ಗಾದ್ರೆ ಅಕ್ರಿಲಿಕ್ ಮೀಡಿಯಂ ಅನ್ನೋ ಅಂಟು ದ್ರವದಲ್ಲಿ. ಗೋಂದಲ್ಲಿ ಅರೆದಿದ್ದು ಒದ್ದೆ ಇದ್ದಾಗ ಗಾಢ ಕಾಣುತ್ತೆ, ಒಣಗಿದ್ಮೇಲೆ ತಿಳಿ ಆಗುತ್ತೆ, ಅಕ್ರಿಲಿಕ್‌ದು ಒಣಗಿದ್ಮೇಲೆ ಗಾಢ ಆಗುತ್ತೆ, ಅದಕ್ಕೆ ಒಂದು ಚೂರು ಪೇಪರ್ ಮೇಲೆ ಬಳಿದು ಒಣಗಿಸಿ ನೋಡೇ ಮುಂದೆ ಹೋಗಿ. ಮಣ್ಣಿನ ಕೆಂಪು ಕಬ್ಬಿಣದ್ದು, ಬಿಸಿಲಿಗೆ ಹೋಗಲ್ಲ, ಅರಿಶಿನ ದಾಸವಾಳ ಎಲ್ಲಾ ವರ್ಷ ತಡೆಯೋದೂ ಕಷ್ಟ. ಒಂದು ಮಾತು ನೆನಪಿಡಿ, ಕೆಜಿಎಫ್ ಸೈನೈಡ್ ದಿಬ್ಬದ ಪುಡಿ ಬಣ್ಣ ಎಷ್ಟೇ ಚೆಂದ ಕಂಡ್ರೂ ಮನೆಗೆ ತರಬೇಡಿ, ಅದು ಚಿನ್ನ ತೆಗೆದು ಬಿಟ್ಟ ಗಣಿ ತ್ಯಾಜ್ಯ, ಧೂಳು ಒಳಗೆ ಹೋದ್ರೆ ಒಳ್ಳೇದಲ್ಲ. ದೂರದಿಂದ ನೋಡಿ ಬರೀರಿ.

ಬಂಡೆಯ ಬೂದು ಬಣ್ಣಕ್ಕೆ ಕಪ್ಪು ಟ್ಯೂಬ್ ಬೇಡ, ಬರ್ನ್ಟ್ ಸಿಯೆನಾ (ಕೆಂಗಂದು), ಅಲ್ಟ್ರಾಮರೀನ್ (ಕಡು ನೀಲಿ) ಎರಡನ್ನ ಬೆರೆಸಿ ಬಿಳಿ ಸೇರಿಸಿ, ನೀಲಿ ಜಾಸ್ತಿ ಆದ್ರೆ ಬೆಳಗಿನ ಬಂಡೆ, ಸಿಯೆನಾ ಜಾಸ್ತಿ ಆದ್ರೆ ಸಂಜೆ ಬಂಡೆ. ಇದರ ಜೊತೆ ಮಣ್ಣಿನ ಕೆಂಪು, ಯೆಲ್ಲೋ ಓಕರ್ (ಮಣ್ಣಿನ ಹಳದಿ). ಇಷ್ಟೇ.

ಮನೇಲಿ ಕೂತಾಗ ನೋಟ್‌ಬುಕ್ ಮುಚ್ಚಿಡಿ. ಇದು ಕಷ್ಟ, ಆದ್ರೆ ಇಲ್ಲೇ ನಿಜವಾದ ಕೆಲಸ ಆಗೋದು. ಬೆಟ್ಟ ನೋಡಿ ಎರಡು ದಿನ ಆದ್ಮೇಲೆ ನೆನಪಲ್ಲಿ ಏನು ಉಳಿದಿದೆಯೋ ಅದನ್ನಷ್ಟೇ ಹಾಕಿ, ಒಂದ್ಸಲ ನನಗೆ ಉಳಿದಿದ್ದು ಅಂತರಗಂಗೆಯ ಕಲ್ಲಿನ ಬಸವನ ಬಾಯಿಂದ ನೀರು ಬೀಳೋ ಆ ತಣ್ಣನೆ ಕತ್ತಲೆ ಒಂದೇ, ಅವತ್ತಿನ ಚಿತ್ರ ಪೂರ್ತಿ ಕಡು ಹಸಿರು, ಮಧ್ಯ ಒಂದು ಬಿಳಿ ಗೀಟು. ಇವತ್ತಿಗೂ ಗೋಡೇಲಿ ಇರೋದು ಅದೊಂದೇ. ಎಲ್ಲೋ ಸಿಕ್ಕಾಕ್ಕೊಂಡ್ರಿ ಅಂದ್ರೆ ಕ್ಯಾನ್ವಾಸ್ ತಲೆಕೆಳಗು ಮಾಡಿ ಗೋಡೆಗೆ ಒರಗಿಸಿ ಒಂದು ರಾತ್ರಿ ಬಿಡಿ, ಯಾವ ಮೂಲೆ ಭಾರ ಜಾಸ್ತಿ ಆಗಿದೆ ಅಂತ ಬೆಳಿಗ್ಗೆ ತಕ್ಷಣ ಗೊತ್ತಾಗುತ್ತೆ.

ಪ್ರತಿ ಹಾಳೆ ಹಿಂದೆ ತಾರೀಕು, ಹೊತ್ತು, ಮಳೆ ಬಂದಿತ್ತಾ ಇಲ್ವಾ ಬರೀರಿ. ನನ್ನ ಹಳೇ ಹಾಳೆಗಳಲ್ಲಿ ಬೆಟ್ಟದ ಮೇಲಿಂದ ಕಾಣೋ ಬಯಲೆಲ್ಲ ಕಂದು, ಕೆರೆಗಳೂ ಕಂದು, ನಮ್ ಜಿಲ್ಲೇಲಿ ವರ್ಷವಿಡೀ ಹರಿಯೋ ಹೊಳೆ ಇಲ್ಲ ನೋಡಿ. 2018ರಲ್ಲಿ ನಮ್ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆ ನೀರು ಬರೋಕೆ ಶುರುವಾಯ್ತು, ಅದು ಬೆಂಗಳೂರಿನ ಕೊಳಚೆನೇ ಶುದ್ಧ ಮಾಡಿ ಬಿಟ್ಟಿದ್ದು ಅಂತ ಜನರಿಗೆ ಆತಂಕ ಇದೆ, ನನಗೂ ಇದೆ, ಆದ್ರೆ ಆಮೇಲಿನ ಹಾಳೆಗಳಲ್ಲಿ ಅಡ್ಡಡ್ಡ ಬೂದು ನೀಲಿ ಪಟ್ಟಿಗಳು ಬಂದ್ಬಿಟ್ಟಿವೆ. ನಾನು ಬೇಕು ಅಂತ ಹಾಕಿದ್ದಲ್ಲ, ಹಾಳೆಗಳನ್ನ ಸಾಲಾಗಿ ನೆಲದ ಮೇಲೆ ಹರಡಿದಾಗಲೇ ಕಂಡಿದ್ದು.

ಶುರು ಮಾಡೋರು ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಹತ್ತಿ. ಬಂಡೆ ಇನ್ನೂ ಒದ್ದೆ ಇರುತ್ತೆ, ಕಪ್ಪಿನೊಳಗೆ ನೇರಳೆ ಕಾಣುತ್ತೆ, ಬಿಸಿಲೇರಿದ್ರೆ ಒಣಗಿ ಹೋಗಿರುತ್ತೆ.